ಅಯಾನು ಕ್ರೊಮ್ಯಾಟೋಗ್ರಫಿ ಉಪಕರಣ: ಕುಡಿಯುವ ನೀರಿನ ವಿಶ್ಲೇಷಣೆಯಲ್ಲಿ ಬಳಕೆ ಮತ್ತು ನಿರ್ವಹಣೆ

ಪೀಠಿಕೆ

ಕರ್ನಾಟಕದ ಬಹುಭಾಗವು ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಕೂಡಿದ ಗಡಸು ಶಿಲಾ ಪ್ರದೇಶವಾಗಿರುತ್ತದೆ. ಈ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ಅಂಶವು ಅಂತರ್ಜಲಕ್ಕೆ ಸೇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಮುಂತಾದ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಕೊಳವೆ ಬಾವಿಯ ನೀರಿನ ಫ್ಲೋರೈಡ್ ಪ್ರಮಾಣವು ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಭಾರತದಲ್ಲಿ ಕುಡಿಯುವ ನೀರಿನ ಮೂಲಕ ಬರುವ ಫ್ಲೋರೋಸಿಸ್ ರೋಗವನ್ನು 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಲಾಯಿತು. ಹಲ್ಲುಗಳ ಮೇಲೆ ಕಂದು ಕಲೆಗಳಿಂದ ಪ್ರಾರಂಭವಾಗಿ ಬೆನ್ನುಮೂಳೆ ಹಾಗೂ ಕೀಲುಗಳು ಬಿಗಿದುಕೊಳ್ಳುವವರೆಗೆ ಹೋಗಬಹುದಾದ ಈ ರೋಗಕ್ಕೆ, ಮೂಳೆಗಳಿಗೆ ಒಮ್ಮೆ ಹಾನಿಯಾದ ನಂತರ, ಚಿಕಿತ್ಸೆಯಿಂದ ಹಿಂದಿನ ಸ್ಥಿತಿಗೆ ಮರಳುವಂತಹ ಪರಿಹಾರವಿರುವುದಿಲ್ಲ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಭಾರತೀಯ ಮಾನಕ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1.0 ಮಿಲಿಗ್ರಾಂ ಒಳಗಿರತಕ್ಕದ್ದು. ಬೇರೆ ಜಲಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ. ನೈಟ್ರೇಟ್‌ಗೆ 45 ಮಿಲಿಗ್ರಾಂ ಮಿತಿ ಇದ್ದು, ಇದಕ್ಕೆ ಯಾವುದೇ ಸಡಿಲಿಕೆ ಇರುವುದಿಲ್ಲ. ಕ್ಲೋರೈಡ್‌ಗೆ 250 (ಸಡಿಲಿಸಿದ ಮಿತಿ 1000) ಮತ್ತು ಸಲ್ಫೇಟ್‌ಗೆ 200 (ಸಡಿಲಿಸಿದ ಮಿತಿ 400) ಮಿಲಿಗ್ರಾಂ ಎಂದು ನಿಗದಿಪಡಿಸಲಾಗಿದೆ. ಈ ನಾಲ್ಕೂ ಅಂಶಗಳನ್ನು ಒಂದೇ ಬಾರಿಗೆ, ಕೆಲವು ಮಿಲಿಲೀಟರ್ ನೀರಿನಲ್ಲಿ, ಸುಮಾರು ಅರ್ಧ ಗಂಟೆಯೊಳಗೆ ಅಳೆಯಬಲ್ಲ ಉಪಕರಣವೇ ಅಯಾನು ಕ್ರೊಮ್ಯಾಟೋಗ್ರಫಿ.

ಒಂದು ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ 1.4 ಎಂದು ವರದಿಯಾದರೆ ಆ ಬಾವಿಯನ್ನು ಗ್ರಾಮಕ್ಕೆ ಮುಂದುವರಿಸಬಹುದು, 1.6 ಎಂದಾದರೆ ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ. ಉಪಕರಣವು ಸುಸ್ಥಿತಿಯಲ್ಲಿರಲಿ, ಇಲ್ಲದಿರಲಿ, ಗಣಕಯಂತ್ರವು ಎರಡು ದಶಮಾಂಶ ಸ್ಥಾನಗಳ ಒಂದು ಸಂಖ್ಯೆಯನ್ನಂತೂ ಮುದ್ರಿಸಿಯೇ ತೀರುತ್ತದೆ. ಆ ಸಂಖ್ಯೆಯನ್ನು ಯಾವಾಗ ನಂಬಬಹುದು, ಯಾವಾಗ ನಂಬಬಾರದು ಎಂಬುದನ್ನು ಪ್ರಯೋಗಾಲಯ ಸಿಬ್ಬಂದಿಯ ಹಾಗೂ ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾರ್ಯವಿಧಾನ

ಈ ವಿಧಾನವನ್ನು 1975ರಲ್ಲಿ ಅಮೆರಿಕದ ಡೌ ಕೆಮಿಕಲ್ ಕಂಪನಿಯ ಹ್ಯಾಮಿಶ್ ಸ್ಮಾಲ್, ತಿಮೋತಿ ಸ್ಟೀವನ್ಸ್ ಮತ್ತು ವಿಲಿಯಂ ಬೌಮನ್ ಅವರು ಪ್ರಕಟಿಸಿದರು. ಉಪಕರಣದ ಮುಖ್ಯ ಭಾಗಗಳೆಂದರೆ ಪಂಪು, ಮಾದರಿಯನ್ನು ಒಳಸೇರಿಸುವ ಕವಾಟ, ರಕ್ಷಕ ಕಾಲಂ, ಬೇರ್ಪಡಿಕೆ ಕಾಲಂ, ಸಪ್ರೆಸರ್ ಮತ್ತು ವಿದ್ಯುತ್ ವಾಹಕತೆಯನ್ನು ಅಳೆಯುವ ಕೋಶ. ಎಲ್ಯುಯೆಂಟ್ ಎಂದು ಕರೆಯಲಾಗುವ ವಾಹಕ ದ್ರಾವಣವನ್ನು ಪಂಪು ನಿರಂತರವಾಗಿ ಹರಿಸುತ್ತಿರುತ್ತದೆ. ಅದರ ಹರಿವಿಗೆ ಕೆಲವು ಹತ್ತು ಮೈಕ್ರೊಲೀಟರ್‌ನಷ್ಟು ನೀರಿನ ಮಾದರಿಯನ್ನು ಸೇರಿಸಲಾಗುತ್ತದೆ. ಕಾಲಂನಲ್ಲಿರುವ ರಾಳದ ಸೂಕ್ಷ್ಮ ಮಣಿಗಳು ಧನ ವಿದ್ಯುದಂಶವನ್ನು ಹೊಂದಿದ್ದು, ಋಣ ಅಯಾನುಗಳನ್ನು ಬೇರೆ ಬೇರೆ ಬಲದಿಂದ ಹಿಡಿದು ಬಿಡುತ್ತವೆ. ಸಡಿಲವಾಗಿ ಹಿಡಿಯಲ್ಪಟ್ಟ ಫ್ಲೋರೈಡ್ ಮೊದಲು ಹೊರಬರುತ್ತದೆ. ನಂತರ ಕ್ಲೋರೈಡ್, ನೈಟ್ರೈಟ್, ಬ್ರೋಮೈಡ್, ನೈಟ್ರೇಟ್, ಫಾಸ್ಫೇಟ್ ಮತ್ತು ಕೊನೆಗೆ ಸಲ್ಫೇಟ್ ಎಂಬುದು ಕಾರ್ಬೊನೇಟ್ ದ್ರಾವಣ ಬಳಸುವ ಕಾಲಂಗಳಲ್ಲಿ ಸಾಮಾನ್ಯ ಅನುಕ್ರಮ.

ವಾಹಕ ದ್ರಾವಣವೇ ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಅದರಲ್ಲಿ ಅತ್ಯಲ್ಪ ಪ್ರಮಾಣದ ಫ್ಲೋರೈಡನ್ನು ಗುರುತಿಸುವುದು ಜಾತ್ರೆಯಲ್ಲಿ ಪಿಸುಮಾತನ್ನು ಕೇಳಿಸಿಕೊಳ್ಳುವಂತೆ ಕಷ್ಟ. ಸಪ್ರೆಸರ್ ಈ ಗದ್ದಲವನ್ನು ತಗ್ಗಿಸುತ್ತದೆ. ಅದು ದ್ರಾವಣದ ಸೋಡಿಯಂ ಅಯಾನುಗಳನ್ನು ತೆಗೆದು ಅವುಗಳ ಸ್ಥಾನದಲ್ಲಿ ಹೈಡ್ರೋಜನ್ ಅಯಾನುಗಳನ್ನು ಇರಿಸುತ್ತದೆ. ಆಗ ಕಾರ್ಬೊನೇಟ್ ದುರ್ಬಲವಾದ ಕಾರ್ಬೊನಿಕ್ ಆಮ್ಲವಾಗಿ ವಾಹಕತೆ ತಗ್ಗುತ್ತದೆ. ಅದೇ ವೇಳೆ ಸೋಡಿಯಂ ಕ್ಲೋರೈಡ್ ಹೈಡ್ರೋಕ್ಲೋರಿಕ್ ಆಮ್ಲವಾಗಿ ಮಾರ್ಪಟ್ಟು ಅದರ ವಾಹಕತೆ ಹೆಚ್ಚುತ್ತದೆ. ಹೈಡ್ರೋಜನ್ ಅಯಾನಿನ ವಾಹಕತೆಯು ಸೋಡಿಯಂಗಿಂತ ಸುಮಾರು ಏಳು ಪಟ್ಟು ಅಧಿಕವಾಗಿರುವುದೇ ಇದಕ್ಕೆ ಕಾರಣ.

ಮಾದರಿ ಸಂಗ್ರಹಣೆ

ಉಪಕರಣದ ತಪ್ಪೆಂದು ಭಾವಿಸಲಾಗುವ ಅನೇಕ ತಪ್ಪುಗಳು ಬಾವಿಯ ಬಳಿಯೇ ಆಗಿರುತ್ತವೆ. ಮಾದರಿಯನ್ನು ಪಾಲಿಎಥಿಲೀನ್ ಬಾಟಲಿಯಲ್ಲಿ ಸಂಗ್ರಹಿಸತಕ್ಕದ್ದು. ಫ್ಲೋರೈಡ್ ಮಾದರಿ ಹಾಗೂ ಪ್ರಮಾಣಿತ ದ್ರಾವಣಗಳಿಗೆ ಗಾಜಿನ ಬಾಟಲಿ ಬಳಸಬಾರದು. ಪಂಪನ್ನು ಕೆಲಕಾಲ ಚಾಲನೆಯಲ್ಲಿಟ್ಟು, ಕೊಳವೆಯಲ್ಲಿ ನಿಂತ ನೀರು ಹೊರಹೋದ ನಂತರ, ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬತಕ್ಕದ್ದು.

ಲೋಹಗಳ ಪರೀಕ್ಷೆಗಾಗಿ ನೈಟ್ರಿಕ್ ಆಮ್ಲ ಬೆರೆಸಿದ ಮಾದರಿಯನ್ನು ಅಯಾನು ಕ್ರೊಮ್ಯಾಟೋಗ್ರಫಿಗೆ ಎಂದಿಗೂ ಬಳಸಕೂಡದು. ಅದೇ ಆಮ್ಲದಿಂದ ತೊಳೆದ ಬಾಟಲಿಯೂ ಇಲ್ಲದ ನೈಟ್ರೇಟನ್ನು ತೋರಿಸಬಲ್ಲದು. ಲೋಹ ಮತ್ತು ಅಯಾನುಗಳೆರಡನ್ನೂ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಎರಡು ಬಣ್ಣದ ಮುಚ್ಚಳಗಳ ಬಾಟಲಿಗಳನ್ನು ಇಟ್ಟುಕೊಳ್ಳುವುದು ಖರ್ಚಿಲ್ಲದ ಉತ್ತಮ ಉಪಾಯ.

ನೈಟ್ರೇಟ್ ಮತ್ತು ನೈಟ್ರೈಟ್‌ಗಳನ್ನು ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಮಾರ್ಪಡಿಸುವುದರಿಂದ ಮಾದರಿಯನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 48 ಗಂಟೆಗಳೊಳಗೆ ವಿಶ್ಲೇಷಿಸಬೇಕು. ಫ್ಲೋರೈಡ್, ಕ್ಲೋರೈಡ್, ಸಲ್ಫೇಟ್‌ಗಳಿಗೆ 28 ದಿನಗಳ ಕಾಲಾವಕಾಶವಿದೆ. ಬೇಸಿಗೆಯಲ್ಲಿ ದೂರದ ತಾಲ್ಲೂಕಿನಿಂದ ಬಸ್ಸಿನಲ್ಲಿ ಬಂದ ಬಾಟಲಿಯ ಫ್ಲೋರೈಡನ್ನು ನಂಬಬಹುದು, ನೈಟ್ರೇಟನ್ನು ನಂಬಲಾಗದು.

ದ್ರಾವಣಗಳ ತಯಾರಿಕೆ

ಬಳಸುವ ನೀರು 25 ಡಿಗ್ರಿಯಲ್ಲಿ 18.2 ಮೆಗಾಓಮ್-ಸೆಂಟಿಮೀಟರ್ ರೋಧಕತೆಯುಳ್ಳದ್ದಾಗಿರತಕ್ಕದ್ದು. ಸಾಮಾನ್ಯ ಬಟ್ಟಿ ಇಳಿಸಿದ ನೀರು ಈ ಕೆಲಸಕ್ಕೆ ಸಾಲದು. ಹಿಡಿದಿಟ್ಟ ಶುದ್ಧ ನೀರು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುವುದರಿಂದ ಅಂದಂದಿಗೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು. ಬೆವರಿನ ಕೈಯಿಂದ ಕ್ಲೋರೈಡ್ ಸೇರುತ್ತದೆ. ಕೈಗವಸು ಧರಿಸಿದರೆ ಕೆಲವು ನೈಟ್ರೈಲ್ ಕೈಗವಸುಗಳಿಂದಲೇ ನೈಟ್ರೇಟ್ ಸೇರುತ್ತದೆ. ಆದುದರಿಂದ ಹೊಸ ಕೈಗವಸಿನ ಪೆಟ್ಟಿಗೆ ಬಂದಾಗಲೆಲ್ಲ ಅದರಿಂದ ತೊಳೆದ ನೀರನ್ನು ಒಮ್ಮೆ ಉಪಕರಣದಲ್ಲಿ ಪರೀಕ್ಷಿಸುವುದು ಲೇಸು.

ಬಳಕೆಯಲ್ಲಿರುವ ಒಂದು ಬಗೆಯ ಕಾಲಂಗೆ ಪ್ರತಿ ಲೀಟರಿಗೆ 3.2 ಮಿಲಿಮೋಲ್ ಸೋಡಿಯಂ ಕಾರ್ಬೊನೇಟ್ ಮತ್ತು 1.0 ಮಿಲಿಮೋಲ್ ಸೋಡಿಯಂ ಬೈಕಾರ್ಬೊನೇಟ್ ಇರುವ ವಾಹಕ ದ್ರಾವಣ ಬೇಕಾಗುತ್ತದೆ. ಎರಡು ಲೀಟರ್ ದ್ರಾವಣಕ್ಕೆ ಇದು ಕ್ರಮವಾಗಿ 0.678 ಗ್ರಾಂ ಮತ್ತು 0.168 ಗ್ರಾಂ ಆಗುತ್ತದೆ. ಬೇರೆ ಕಾಲಂಗಳ ಪ್ರಮಾಣ ಬೇರೆಯಾಗಿದ್ದು, ಕಾಲಂ ಜೊತೆ ಬರುವ ಪತ್ರದಲ್ಲಿರುವುದನ್ನೇ ಅನುಸರಿಸತಕ್ಕದ್ದು. ಕಾರ್ಬೊನೇಟನ್ನು ಒಣಗಿಸಿ ತೂಗಬಹುದು. ಬೈಕಾರ್ಬೊನೇಟನ್ನು ಮಾತ್ರ ಒಲೆಯಲ್ಲಿ ಕಾಯಿಸಬಾರದು, ಕಾಯಿಸಿದರೆ ಅದು ಕಾರ್ಬೊನೇಟ್ ಆಗಿಬಿಡುತ್ತದೆ. ತಯಾರಾದ ದ್ರಾವಣವನ್ನು 0.45 ಮೈಕ್ರೊಮೀಟರ್ ರಂಧ್ರದ ಪೊರೆಯಲ್ಲಿ ಸೋಸಿ, ಕರಗಿದ ಗಾಳಿಯನ್ನು ನಿರ್ವಾತದಿಂದ ಹೊರತೆಗೆಯಬೇಕು.

ಪ್ರತಿ ಲೀಟರಿಗೆ 1000 ಮಿಲಿಗ್ರಾಂ ಸಾಂದ್ರತೆಯ ಮೂಲ ಪ್ರಮಾಣಿತ ದ್ರಾವಣಗಳಿಗೆ ಸೋಡಿಯಂ ಫ್ಲೋರೈಡ್ 2.210 ಗ್ರಾಂ, ಸೋಡಿಯಂ ಕ್ಲೋರೈಡ್ 1.649 ಗ್ರಾಂ, ಸೋಡಿಯಂ ನೈಟ್ರೇಟ್ 1.371 ಗ್ರಾಂ ಮತ್ತು ಪೊಟ್ಯಾಸಿಯಂ ಸಲ್ಫೇಟ್ 1.814 ಗ್ರಾಂ ಅನ್ನು ಪ್ರತ್ಯೇಕವಾಗಿ ಒಂದೊಂದು ಲೀಟರ್ ನೀರಿನಲ್ಲಿ ಕರಗಿಸಬೇಕು.

ಇಲ್ಲಿ ನೈಟ್ರೇಟ್ ಕುರಿತು ಒಂದು ಎಚ್ಚರಿಕೆ ಅಗತ್ಯ. ಮೇಲೆ ತಿಳಿಸಿದ 1.371 ಗ್ರಾಂ ನೈಟ್ರೇಟ್ ರೂಪದ ಲೆಕ್ಕ. ನೈಟ್ರೋಜನ್ ರೂಪದ ಲೆಕ್ಕಕ್ಕೆ 6.068 ಗ್ರಾಂ ಬೇಕು. ಮಾರುಕಟ್ಟೆಯಲ್ಲಿ ದೊರೆಯುವ ಸಿದ್ಧ ಪ್ರಮಾಣಿತ ದ್ರಾವಣಗಳು ಎರಡೂ ರೂಪದಲ್ಲಿ ಬರುತ್ತವೆ. ನೈಟ್ರೋಜನ್ ರೂಪದಲ್ಲಿ 12 ಮಿಲಿಗ್ರಾಂ ಎಂದರೆ ನೈಟ್ರೇಟ್ ರೂಪದಲ್ಲಿ ಸುಮಾರು 53 ಮಿಲಿಗ್ರಾಂ. ರೂಪವನ್ನು ನಮೂದಿಸದೆ '12' ಎಂದಷ್ಟೇ ಬರೆದರೆ, 45ರ ಮಿತಿ ಮೀರಿದ ನೀರು ಸುರಕ್ಷಿತವೆಂದು ಕಾಣುತ್ತದೆ. ಪುಡಿ ಹಾಲನ್ನು ಬಾವಿಯ ನೀರಿನಲ್ಲಿ ಕಲಸಿ ಕುಡಿಸುವ ಎಳೆಯ ಶಿಶುಗಳಿಗೆ ಇಂತಹ ನೀರಿನಿಂದ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿ ಕುಂದುವ ಅಪಾಯವಿರುವುದರಿಂದ, ವರದಿಯಲ್ಲಿ ರೂಪವನ್ನು ಸ್ಪಷ್ಟವಾಗಿ ಬರೆಯತಕ್ಕದ್ದು.

ದೈನಂದಿನ ಚಾಲನೆ

ವಾಹಕ ದ್ರಾವಣದ ಬಾಟಲಿ ತುಂಬಿರುವುದನ್ನು ಖಚಿತಪಡಿಸಿಕೊಂಡು, ಪಂಪಿನಲ್ಲಿರುವ ಗಾಳಿಯನ್ನು ಹೊರಹಾಕಿ, ಹರಿವನ್ನು ನಿಧಾನವಾಗಿ ಏರಿಸಬೇಕು. ಹರಿವು ಸ್ಥಿರವಾದ ನಂತರವೇ ಸಪ್ರೆಸರ್‌ಗೆ ವಿದ್ಯುತ್ ನೀಡಬೇಕು. ನಿಲ್ಲಿಸುವಾಗ ಮೊದಲು ಸಪ್ರೆಸರ್ ವಿದ್ಯುತ್, ಆಮೇಲೆ ಪಂಪು. ಹರಿವಿಲ್ಲದೆ ವಿದ್ಯುತ್ ಮಾತ್ರ ಹರಿದಲ್ಲಿ ಸಪ್ರೆಸರ್‌ನ ಪೊರೆ ಹಾಳಾಗುತ್ತದೆ. ಈ ಕ್ರಮವನ್ನು ಉಪಕರಣದ ಮೇಲೆಯೇ ಕನ್ನಡದಲ್ಲಿ ಬರೆದು ಅಂಟಿಸುವುದು ಸೂಕ್ತ.

ಕಾರ್ಬೊನೇಟ್ ದ್ರಾವಣದೊಂದಿಗೆ ಸಪ್ರೆಸರ್ ನಂತರದ ಹಿನ್ನೆಲೆ ವಾಹಕತೆಯು ಸಾಮಾನ್ಯವಾಗಿ ಪ್ರತಿ ಸೆಂಟಿಮೀಟರಿಗೆ 15ರಿಂದ 25 ಮೈಕ್ರೊಸೀಮೆನ್ಸ್ ಆಸುಪಾಸಿನಲ್ಲಿರುತ್ತದೆ. ದ್ರಾವಣಗಳ ವಾಹಕತೆ ಉಷ್ಣಾಂಶದ ಪ್ರತಿ ಡಿಗ್ರಿಗೆ ಸುಮಾರು ಶೇಕಡ 2ರಷ್ಟು ಬದಲಾಗುವುದರಿಂದ, ಹವಾನಿಯಂತ್ರಕದ ಗಾಳಿ ನೇರವಾಗಿ ಉಪಕರಣದ ಮೇಲೆ ಬೀಸದಂತೆ ನೋಡಿಕೊಳ್ಳಬೇಕು. ಆಧಾರರೇಖೆಯು ನಿಯತವಾಗಿ ಏರಿಳಿಯುತ್ತಿದ್ದರೆ ಪಂಪನ್ನು ಬಿಚ್ಚುವ ಮೊದಲು ಅದು ಹವಾನಿಯಂತ್ರಕದ ಲಯದೊಂದಿಗೆ ಹೊಂದುತ್ತದೆಯೇ ಎಂದು ಗಮನಿಸಿ.

ಆಧಾರರೇಖೆ ಸ್ಥಿರವಾದ ನಂತರ ಮೊದಲು ಶುದ್ಧ ನೀರು, ನಂತರ ಕನಿಷ್ಠ ಐದು ಸಾಂದ್ರತೆಗಳ ಪ್ರಮಾಣಿತ ದ್ರಾವಣಗಳು, ನಂತರ ಬೇರೊಂದು ಮೂಲದಿಂದ ತಯಾರಿಸಿದ ತಪಾಸಣಾ ದ್ರಾವಣ, ಆಮೇಲೆ ಮಾದರಿಗಳು ಎಂಬ ಅನುಕ್ರಮವನ್ನು ಪಾಲಿಸತಕ್ಕದ್ದು. ಪ್ರತಿ ಹತ್ತು ಮಾದರಿಗಳಿಗೊಮ್ಮೆ ತಪಾಸಣಾ ದ್ರಾವಣವನ್ನು ಮತ್ತೆ ಹಾಕಬೇಕು. ಅದರ ಫಲಿತಾಂಶ ನಿಜ ಮೌಲ್ಯದ ಶೇಕಡ 90ರಿಂದ 110ರ ಹೊರಗೆ ಹೋದಲ್ಲಿ ಹಿಂದಿನ ಸರಿಯಾದ ತಪಾಸಣೆಯವರೆಗಿನ ಎಲ್ಲ ಮಾದರಿಗಳನ್ನು ಪುನಃ ಮಾಡಬೇಕಾಗುತ್ತದೆ. ವಿದ್ಯುತ್ ಕಡಿತವಾಗಿ ಉಪಕರಣ ಮತ್ತೆ ಪ್ರಾರಂಭವಾದಾಗಲೂ ಇದೇ ನಿಯಮ. ಕಾರ್ಬೊನೇಟ್ ದ್ರಾವಣದಲ್ಲಿ ಸಾಂದ್ರತೆ ಮತ್ತು ಶಿಖರದ ವಿಸ್ತೀರ್ಣದ ಸಂಬಂಧವು ಪೂರ್ಣವಾಗಿ ಸರಳರೇಖೆಯಲ್ಲಿರುವುದಿಲ್ಲ. ವಿಶಾಲ ವ್ಯಾಪ್ತಿಗೆ ವಕ್ರರೇಖೆಯ ಸಮೀಕರಣ ಬಳಸುವುದು ಯುಕ್ತ, ಆದರೆ ಅತಿ ದೊಡ್ಡ ಪ್ರಮಾಣಿತ ದ್ರಾವಣದಿಂದಾಚೆಗೆ ಅದನ್ನು ಎಳೆದು ಲೆಕ್ಕಹಾಕಲೇಬಾರದು.

ಫ್ಲೋರೈಡ್ ಶಿಖರದ ಸಮಸ್ಯೆ

ನಮ್ಮ ರಾಜ್ಯಕ್ಕೆ ಅತಿ ಮುಖ್ಯವಾದ ಅಯಾನು ಈ ಉಪಕರಣದಲ್ಲಿ ಅತಿ ಕಷ್ಟದ ಸ್ಥಾನದಲ್ಲಿ ಹೊರಬರುತ್ತದೆ ಎಂಬುದನ್ನು ಪ್ರತಿಯೊಬ್ಬ ವಿಶ್ಲೇಷಕರೂ ತಿಳಿದಿರಬೇಕು. ಮಾದರಿಯೊಡನೆ ಬಂದ ನೀರು ಕಾಲಂನಲ್ಲಿ ತಡೆಯಿಲ್ಲದೆ ಸಾಗಿ ಮೊದಲು ಕೋಶವನ್ನು ತಲುಪುತ್ತದೆ. ಅದರಲ್ಲಿ ಕಾರ್ಬೊನೇಟ್ ಇಲ್ಲದಿರುವುದರಿಂದ ವಾಹಕತೆ ಕ್ಷಣಕಾಲ ಹಿನ್ನೆಲೆಗಿಂತ ಕೆಳಗಿಳಿದು ಒಂದು ತಗ್ಗು ಉಂಟಾಗುತ್ತದೆ. ಈ ತಗ್ಗಿನ ಬೆನ್ನಿಗೇ ಫ್ಲೋರೈಡ್ ಶಿಖರ ಬರುತ್ತದೆ. ತಂತ್ರಾಂಶವು ಶಿಖರದ ಬುಡವನ್ನು ತಗ್ಗಿನ ತಳದಿಂದ ಎಳೆದರೆ ಫಲಿತಾಂಶ ಹೆಚ್ಚಾಗುತ್ತದೆ; ತಗ್ಗು ಶಿಖರದ ಒಂದು ಭಾಗವನ್ನು ನುಂಗಿದರೆ ಕಡಿಮೆಯಾಗುತ್ತದೆ. ಸಾಲದೆಂಬಂತೆ, ಫಾರ್ಮೇಟ್ ಮತ್ತು ಅಸಿಟೇಟ್‌ನಂತಹ ಚಿಕ್ಕ ಸಾವಯವ ಆಮ್ಲಗಳೂ ಇದೇ ಜಾಗದಲ್ಲಿ ಬರುತ್ತವೆ. ಕೊಳಚೆ ಸೇರಿದ ಬಾವಿಗಳಲ್ಲಿ ಇದನ್ನು ಗಮನಿಸಬೇಕು.

ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಇರುವ ಮಾದರಿಯನ್ನು ನೇರವಾಗಿ ಹಾಕಿದರೆ ಶಿಖರವು ತಗ್ಗಿನಿಂದ ಎದ್ದು ಕಾಣುತ್ತದೆ. ತೊಂದರೆ ಬರುವುದು ದುರ್ಬಲಗೊಳಿಸಿದಾಗ. ಒಣ ಪ್ರದೇಶದ ಬಾವಿಯೊಂದರ ನೀರಿನಲ್ಲಿ ಕ್ಲೋರೈಡ್ 900 ಮಿಲಿಗ್ರಾಂ ಇದೆಯೆಂದುಕೊಳ್ಳೋಣ. ಅದನ್ನು ಅಳೆಯಬಹುದಾದ ವ್ಯಾಪ್ತಿಗೆ ತರಲು ಮಾದರಿಗೆ ಇಪ್ಪತ್ತು ಪಟ್ಟು ನೀರು ಬೆರೆಸಲಾಗುತ್ತದೆ. ಆಗ 1.5 ಇದ್ದ ಫ್ಲೋರೈಡ್ 0.075ಕ್ಕಿಳಿದು ತಗ್ಗಿನ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಅಲ್ಲಿ ಆದ ಅತಿ ಸಣ್ಣ ತಪ್ಪು ಕೂಡ ಇಪ್ಪತ್ತರಿಂದ ಗುಣಿಸಲ್ಪಟ್ಟು ವರದಿಯಲ್ಲಿ ಕುಳಿತುಕೊಳ್ಳುತ್ತದೆ. ಕ್ಲೋರೈಡನ್ನು ಉಳಿಸಿದ ಕ್ರಮವೇ ಫ್ಲೋರೈಡನ್ನು ಮುಳುಗಿಸುತ್ತದೆ. ಒಂದೇ ಚಾಲನೆಯಲ್ಲಿ ಎಲ್ಲವೂ ಸಿಗುತ್ತದೆ ಎಂಬ ಪ್ರಚಾರದ ಮಾತು ಇಂತಹ ನೀರಿಗೆ ಅನ್ವಯಿಸುವುದಿಲ್ಲ.

ಆದುದರಿಂದ ಲವಣಾಂಶ ಹೆಚ್ಚಿರುವ ಮಾದರಿಯನ್ನು ಎರಡು ಬಾರಿ ಹಾಕತಕ್ಕದ್ದು: ದುರ್ಬಲಗೊಳಿಸದೆ ಅಥವಾ ಅತ್ಯಲ್ಪ ದುರ್ಬಲಗೊಳಿಸಿ ಫ್ಲೋರೈಡ್‌ಗಾಗಿ ಒಮ್ಮೆ, ಸಾಕಷ್ಟು ದುರ್ಬಲಗೊಳಿಸಿ ಕ್ಲೋರೈಡ್ ಮತ್ತು ಸಲ್ಫೇಟ್‌ಗಾಗಿ ಇನ್ನೊಮ್ಮೆ. ಯಾವುದನ್ನು ಎಷ್ಟು ದುರ್ಬಲಗೊಳಿಸಬೇಕೆಂಬುದನ್ನು ಮೊದಲೇ ಸಾಮಾನ್ಯ ವಾಹಕತಾ ಮಾಪಕದಿಂದ ಅಂದಾಜು ಮಾಡಬಹುದು. ತಗ್ಗನ್ನು ಕಡಿಮೆ ಮಾಡಲು ವಾಹಕ ದ್ರಾವಣವನ್ನು ನೂರು ಪಟ್ಟು ಸಾಂದ್ರವಾಗಿ ತಯಾರಿಸಿಟ್ಟುಕೊಂಡು, 100 ಮಿಲಿಲೀಟರ್ ಮಾದರಿಗೆ 1 ಮಿಲಿಲೀಟರಿನಂತೆ ಸೇರಿಸುವುದು ರೂಢಿಯಲ್ಲಿದೆ. ಪ್ರಮಾಣಿತ ದ್ರಾವಣಗಳಿಗೂ ಶುದ್ಧ ನೀರಿಗೂ ಅದೇ ರೀತಿ ಸೇರಿಸಬೇಕು.

ಸಂದೇಹವಿದ್ದಲ್ಲಿ ಅದೇ ಮಾದರಿಗೆ ತಿಳಿದ ಪ್ರಮಾಣದ ಫ್ಲೋರೈಡ್ ಬೆರೆಸಿ ಮತ್ತೆ ಅಳೆಯಬೇಕು. 1.5 ಇದ್ದ ನೀರಿಗೆ 0.5 ಸೇರಿಸಿದಾಗ 2.0ಕ್ಕೆ ಸಮೀಪ ಬರಬೇಕು, 1.7 ಬಂದರೆ ಸೇರಿಸಿದ್ದರಲ್ಲಿ ಶೇಕಡ 40 ಮಾತ್ರ ಕಾಣಿಸಿದೆ ಎಂದರ್ಥ, ಮೊದಲಿನ 1.5ನ್ನೂ ನಂಬುವಂತಿಲ್ಲ. ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಪ್ರಯೋಗಾಲಯಗಳು 1.0 ಮತ್ತು 1.5ರ ಆಸುಪಾಸಿನ ಫಲಿತಾಂಶಗಳನ್ನು ಆ ವಿಧಾನದಿಂದಲೂ ತಾಳೆ ನೋಡುವುದು ಅಪೇಕ್ಷಣೀಯ.

ಧನ ಮತ್ತು ಋಣ ಅಯಾನುಗಳ ಮೊತ್ತವನ್ನು ತೂಗಿ ನೋಡುವ ಅಯಾನು ಸಮತೋಲನ ಪರೀಕ್ಷೆ ಕ್ಲೋರೈಡ್, ಸಲ್ಫೇಟ್‌ಗಳ ತಪ್ಪನ್ನು ಹಿಡಿಯುತ್ತದೆ. ಬೈಕಾರ್ಬೊನೇಟನ್ನು ಈ ಉಪಕರಣವು ಅಳೆಯುವುದಿಲ್ಲವಾದ್ದರಿಂದ ಅದನ್ನು ಟೈಟ್ರೇಷನ್‌ನಿಂದ ಪಡೆದು ಲೆಕ್ಕಕ್ಕೆ ಸೇರಿಸಬೇಕು. ಆದರೆ 1.5 ಮಿಲಿಗ್ರಾಂ ಫ್ಲೋರೈಡ್ ಎಂದರೆ ಕೇವಲ 0.08 ಮಿಲಿಈಕ್ವಿವೆಲೆಂಟ್. ಹತ್ತು ಮಿಲಿಈಕ್ವಿವೆಲೆಂಟ್ ಋಣ ಅಯಾನುಗಳಿರುವ ನೀರಿನಲ್ಲಿ ಫ್ಲೋರೈಡ್ ದುಪ್ಪಟ್ಟಾದರೂ ಸಮತೋಲನ ಕದಲುವುದಿಲ್ಲ. ಸಮತೋಲನ ಸರಿಯಾಗಿದೆ ಎಂಬ ಕಾರಣಕ್ಕೆ ಫ್ಲೋರೈಡ್ ಸರಿಯೆಂದು ತೀರ್ಮಾನಿಸಬಾರದು.

ನಿರ್ವಹಣೆ

ಕಾಲಂ ಉಪಕರಣದ ದುಬಾರಿ ಭಾಗಗಳಲ್ಲೊಂದು. ಅದರ ಮುಂದಿರುವ ರಕ್ಷಕ ಕಾಲಂ ಕೊಳೆಯನ್ನು ತಡೆದು ತಾನು ಹಾಳಾಗುವುದಕ್ಕಾಗಿಯೇ ಇದೆ. ಬಜೆಟ್ ಇಲ್ಲವೆಂದು ರಕ್ಷಕ ಕಾಲಂ ಬದಲಾವಣೆಯನ್ನು ಮುಂದೂಡುವುದು ಮುಖ್ಯ ಕಾಲಂ ಖರೀದಿಗೆ ದಾರಿಯಾಗುತ್ತದೆ. ಮಾದರಿಗಳನ್ನು 0.45 ಅಥವಾ 0.2 ಮೈಕ್ರೊಮೀಟರ್ ಪೊರೆಯಲ್ಲಿ ಸೋಸಿಯೇ ಹಾಕಬೇಕು. ಪೊರೆಯನ್ನು ಶುದ್ಧ ನೀರಿನಿಂದ ತೊಳೆದು, ಸೋಸಿದ ಮಾದರಿಯ ಮೊದಲ ಕೆಲವು ಮಿಲಿಲೀಟರ್‌ಗಳನ್ನು ಚೆಲ್ಲಬೇಕು.

ಕೈಪಂಪುಗಳ ನೀರಿನಲ್ಲಿ ಕಬ್ಬಿಣ ಹೆಚ್ಚಾಗಿರುವುದುಂಟು. ಅದು ಕಾಲಂ ಮತ್ತು ಸಪ್ರೆಸರ್‌ಗಳಲ್ಲಿ ಶೇಖರವಾಗುತ್ತದೆ. ಕೊಳೆಯಿಂದ ಕಾಲಂನ ಸಾಮರ್ಥ್ಯ ಕುಂದಿದಂತೆ ಅಯಾನುಗಳು ನಿಗದಿತ ಸಮಯಕ್ಕಿಂತ ಬೇಗ ಹೊರಬರತೊಡಗುತ್ತವೆ. ಆಗ ಫ್ಲೋರೈಡ್ ಶಿಖರವು ನೀರಿನ ತಗ್ಗಿನ ಕಡೆಗೆ ಜರುಗುತ್ತದೆ. ಸಲ್ಫೇಟ್ ಹೊರಬರುವ ಸಮಯವನ್ನು ಪ್ರತಿದಿನ ದಾಖಲಿಸುತ್ತ ಬಂದರೆ ಈ ಕುಸಿತವು ವಾರಗಳ ಮೊದಲೇ ತಿಳಿಯುತ್ತದೆ. ಶುದ್ಧೀಕರಣದ ದ್ರಾವಣಗಳು ಕಾಲಂನಿಂದ ಕಾಲಂಗೆ ಭಿನ್ನವಾಗಿದ್ದು, ತಯಾರಕರ ಸೂಚನೆಯನ್ನು ನೋಡದೆ ಯಾವುದನ್ನೂ ಹರಿಸಬಾರದು. ಶುದ್ಧೀಕರಿಸುವಾಗ ಸಪ್ರೆಸರ್ ಮತ್ತು ಕೋಶಗಳನ್ನು ಹರಿವಿನಿಂದ ಬೇರ್ಪಡಿಸಿ ದ್ರಾವಣವನ್ನು ನೇರವಾಗಿ ಹೊರಬಿಡಬೇಕು.

ಪಂಪಿನ ಒತ್ತಡವನ್ನೂ ಪ್ರತಿದಿನ ಬರೆದಿಡಬೇಕು. ಒತ್ತಡ ಏರಿದ್ದಲ್ಲಿ ಕೋಶದ ಕಡೆಯಿಂದ ಹಿಂದಕ್ಕೆ ಒಂದೊಂದೇ ಜೋಡಣೆಯನ್ನು ಸಡಿಲಿಸುತ್ತ ಬಂದರೆ, ಯಾವ ಭಾಗವನ್ನು ಕಳಚಿದಾಗ ಒತ್ತಡ ಇಳಿಯಿತೋ ಅಲ್ಲಿಯೇ ತಡೆಯಿದೆ ಎಂದು ತಿಳಿಯುತ್ತದೆ. ಒತ್ತಡವು ಮಿಡಿಯುತ್ತಿದ್ದರೆ ಗಾಳಿಯ ಗುಳ್ಳೆ ಅಥವಾ ಕೊಳೆಯಾದ ಏಕಮುಖ ಕವಾಟ ಕಾರಣವಾಗಿರಬಹುದು. ಕವಾಟವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಶ್ರವಣಾತೀತ ಸ್ನಾನಕ್ಕೊಳಪಡಿಸಿ, ಶುದ್ಧ ನೀರಿನಿಂದ ತೊಳೆದು ಮರಳಿ ಜೋಡಿಸಬಹುದು. ಜೋಡಣೆಗಳ ಸುತ್ತ ಬಿಳಿ ಉಪ್ಪು ಕಂಡರೆ ಅಲ್ಲಿ ಸೋರಿಕೆಯಿದೆ.

ಸಪ್ರೆಸರ್ ಒಣಗಬಾರದು. ಉಪಕರಣವನ್ನು ಬಳಸದ ವಾರಗಳಲ್ಲಿಯೂ ವಾರಕ್ಕೊಮ್ಮೆ ಕೆಲವು ಗಂಟೆ ಚಾಲನೆ ಮಾಡುವುದು ಇದಕ್ಕೆ ಸುಲಭ ಮಾರ್ಗ. ದೀರ್ಘಕಾಲ ನಿಲ್ಲಿಸಬೇಕಾದಲ್ಲಿ ಸಪ್ರೆಸರ್‌ಗೆ ಶುದ್ಧ ನೀರು ತುಂಬಿ ಬಾಯಿ ಮುಚ್ಚಬೇಕು. ಕಾಲಂ ಅನ್ನು ತಯಾರಕರು ಸೂಚಿಸಿದ ದ್ರಾವಣದಲ್ಲಿ ಇಟ್ಟು ಎರಡೂ ತುದಿಗಳಿಗೆ ಬಿರಡೆ ಹಾಕಬೇಕು. ಪಂಪಿನಲ್ಲಿ ಕಾರ್ಬೊನೇಟ್ ದ್ರಾವಣ ನಿಂತರೆ ಹರಳುಗಟ್ಟಿ ಮುದ್ರೆಗಳನ್ನು ಗೀರುವುದರಿಂದ, ಕಾಲಂ ಕಳಚಿದ ಮೇಲೆ ಪಂಪನ್ನು ಶುದ್ಧ ನೀರಿನಿಂದ ತೊಳೆಯತಕ್ಕದ್ದು.

ದಾಖಲೆ ಮತ್ತು ವರದಿ

ಪ್ರತಿ ಉಪಕರಣಕ್ಕೂ ದಿನಾಂಕವಾರು ಪುಸ್ತಕವೊಂದಿರಬೇಕು. ಒತ್ತಡ, ಹಿನ್ನೆಲೆ ವಾಹಕತೆ, ಫ್ಲೋರೈಡ್ ಮತ್ತು ಸಲ್ಫೇಟ್ ಹೊರಬಂದ ಸಮಯ, ತಪಾಸಣಾ ದ್ರಾವಣದ ಫಲಿತಾಂಶ, ಬದಲಾಯಿಸಿದ ಭಾಗಗಳು ಮತ್ತು ಕೆಲಸ ಮಾಡಿದವರ ಸಹಿ ಅದರಲ್ಲಿರಬೇಕು. ತಂತ್ರಾಂಶವು ಎಳೆದ ಶಿಖರದ ಬುಡವನ್ನು ಕೈಯಿಂದ ಬದಲಾಯಿಸಿದ್ದಲ್ಲಿ ಕಾರಣವನ್ನು ಬರೆದು, ಬದಲಾವಣೆಗೆ ಮುಂಚಿನ ಮತ್ತು ನಂತರದ ನಕ್ಷೆಗಳೆರಡನ್ನೂ ಉಳಿಸತಕ್ಕದ್ದು.

ಪತ್ತೆಯ ಮಿತಿಯನ್ನು ಕೈಪಿಡಿಯಿಂದ ನಕಲು ಮಾಡದೆ ಪ್ರತಿ ಪ್ರಯೋಗಾಲಯವೂ ಸ್ವತಃ ಕಂಡುಕೊಳ್ಳಬೇಕು. ಇದಕ್ಕಾಗಿ ಕಡಿಮೆ ಸಾಂದ್ರತೆಯ ಒಂದೇ ದ್ರಾವಣವನ್ನು ಏಳು ಬಾರಿ ಅಳೆದು, ಫಲಿತಾಂಶಗಳ ಪ್ರಮಾಣಿತ ವಿಚಲನೆಯನ್ನು 3.14ರಿಂದ ಗುಣಿಸಲಾಗುತ್ತದೆ. ಆ ಮಿತಿಗಿಂತ ಕೆಳಗಿನದನ್ನು 'ಸೊನ್ನೆ' ಎಂದು ಬರೆಯದೆ 'ಪತ್ತೆಯ ಮಿತಿಗಿಂತ ಕಡಿಮೆ' ಎಂದು ಮಿತಿಯ ಮೌಲ್ಯದೊಡನೆ ನಮೂದಿಸಬೇಕು.

ವರದಿಯನ್ನು ಪಡೆಯುವ ಗ್ರಾಮ ಪಂಚಾಯಿತಿಗಳು ಹಾಗೂ ಸಾರ್ವಜನಿಕರು ಅದರಲ್ಲಿ ಮಾದರಿ ಸಂಗ್ರಹಿಸಿದ ದಿನಾಂಕ, ವಿಶ್ಲೇಷಿಸಿದ ದಿನಾಂಕ, ಬಳಸಿದ ವಿಧಾನ ಮತ್ತು ನೈಟ್ರೇಟ್‌ನ ರೂಪ ಈ ನಾಲ್ಕೂ ನಮೂದಾಗಿರುವುದನ್ನು ನೋಡಿಕೊಳ್ಳಬಹುದು. ಫ್ಲೋರೈಡ್ ಫಲಿತಾಂಶವು ಮಿತಿಗೆ ಅತಿ ಸಮೀಪವಿದ್ದಲ್ಲಿ ಎರಡನೆಯ ಮಾದರಿಯನ್ನು ಬೇರೊಂದು ದಿನ ಸಂಗ್ರಹಿಸಿ ಮರುಪರೀಕ್ಷೆಗೆ ಕೋರಬಹುದು. ಮಳೆಗಾಲದ ನಂತರ ಮತ್ತು ಬೇಸಿಗೆಯ ಕೊನೆಯಲ್ಲಿ ಒಂದೇ ಬಾವಿಯ ನೀರಿನ ಗುಣ ಬೇರೆಯಾಗಿರುವುದು ಸಾಮಾನ್ಯವಾದುದರಿಂದ, ಎರಡೂ ಕಾಲಗಳಲ್ಲಿ ಪರೀಕ್ಷಿಸುವುದು ಅವಶ್ಯ.